ಏರಿಯ ಮೇಲಿನ ಮೇಷ್ಟ್ರು

ಗಾಂಧಿ ಬಜಾರಿನಲ್ಲಿ ಬದನೆಕಾಯಿ ಆರಿಸುವಾಗಲೂ ಕೊರಳಿಗೆ ದುರ್ಬೀನು ನೇತುಹಾಕಿಕೊಂಡಿರುವ ಮನುಷ್ಯನನ್ನು ನೀವು ನೋಡಿದ್ದೀರೋ ಇಲ್ಲವೋ, ನಾನು ಹದಿನಾಲ್ಕು ವರ್ಷ ನೋಡಿದ್ದೇನೆ. ಒಂದೇ ಸ್ಟಾಫ್ ರೂಮಿನಲ್ಲಿ, ಒಂದೇ ಮೇಜಿನ ಎದುರುಬದುರು ಕೂತು ನೋಡಿದ್ದೇನೆ. ಚಾಮರಾಜಪೇಟೆಯ ನಮ್ಮ ಹೈಸ್ಕೂಲಿನಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ, ಅವರು ಭೂಗೋಳ. ಮೊನ್ನೆ ಅವರು ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳ ಸಂಘದವನೊಬ್ಬ ಫೋನು ಮಾಡಿ, "ಮೇಡಂ, ಸಾರ್ ಬಗ್ಗೆ ಒಂದೆರಡು ಪುಟ ಬರ್ಕೊಡಿ. ನಿಮ್ಮಷ್ಟು ಹತ್ತಿರದಿಂದ ನೋಡ್ದೋರು ಯಾರಿದಾರೆ?" ಅಂದ. ಹತ್ತಿರದಿಂದ ನೋಡಿದ್ದೇ ತೊಂದರೆ ಕಣಪ್ಪ ಅಂತ ಅವನಿಗೆ ಹೇಳಲಿಲ್ಲ. ಆಯ್ತು, ಬರ್ಕೊಡ್ತೀನಿ ಅಂದೆ. ಇದನ್ನು ಅವರು ಅಚ್ಚು ಹಾಕುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಹೆಸರು ಹಾಕುವುದಿಲ್ಲ. ಅವರ ಹೆಂಡತಿ ಇನ್ನೂ ಇದ್ದಾರೆ, ಪಾಪದ ಹೆಂಗಸು, ಆಕೆಗೆ ನೋವು ಮಾಡುವುದು ನನಗೆ ಬೇಡ. ಬಹುವಚನವನ್ನೂ ಬಿಡುವುದಿಲ್ಲ. ಅದು ಗೌರವಕ್ಕಲ್ಲ, ಹದಿನಾಲ್ಕು ವರ್ಷದ ಅಭ್ಯಾಸ.

ಮೇಷ್ಟ್ರಿಗೆ ಒಂದು ಸರೋವರವಿತ್ತು. ಬೇರೆಯವರಿಗೆ ಸೈಟು ಇರುತ್ತದೆ, ಸಕ್ಕರೆ ಕಾಯಿಲೆ ಇರುತ್ತದೆ, ಇವರಿಗೆ ಸರೋವರ. ನಾಲ್ಕೈದು ಎಕರೆಯ ಪುಟ್ಟ ನೀರು, ದಕ್ಷಿಣಕ್ಕೆ ಎಲ್ಲೋ ಕಾಡಂಚಿನ ಗುಡ್ಡಗಳ ನಡುವೆ, ಬಸ್ಸು ನಿಲ್ಲುವಲ್ಲಿಂದ ಎರಡೂವರೆ ಗಂಟೆ ನಡೆಯಬೇಕು. ಇಷ್ಟು ಬಿಟ್ಟು ಮತ್ತೇನನ್ನೂ ಬಾಯಿ ಬಿಡುತ್ತಿರಲಿಲ್ಲ. "ಎಲ್ಲಿ ಸಾರ್ ಅದು?" ಅಂತ ಕೇಳಿದರೆ ಕೈಯನ್ನು ಜಯನಗರದ ಕಡೆ ಬೀಸಿ, "ಆ ಕಡೆ" ಅನ್ನುವರು. "ಹೆಸರು ಹೇಳ್ಬಿಟ್ರೆ ಮುಗೀತು ಕಣ್ರೀ. ಮುಂದಿನ್ ಭಾನುವಾರ ಅರ್ಧ ಬೆಂಗ್ಳೂರು ಪುಳಿಯೋಗರೆ ಕಟ್ಕೊಂಡು ಅಲ್ಲಿರುತ್ತೆ." ಸ್ವಂತ ಹೆಂಡತಿಗೂ ಹೇಳಿರಲಿಲ್ಲ. ಕಾಲು ಮುರಿದುಕೊಂಡು ಅಲ್ಲೇ ಬಿದ್ದರೆ ಹುಡುಕುವುದೆಲ್ಲಿ ಅಂತ ಆಕೆ ನನ್ನ ಹತ್ತಿರ ಕೇಳಿದ್ದುಂಟು. ನನಗೇನು ಗೊತ್ತು ತಾಯಿ ಅಂದೆ.

ಅದಕ್ಕೆ ಹೆಸರು ಕೂಡ ಇವರೇ ಇಟ್ಟಿದ್ದು. ನೀರವ ಸರೋವರ! ಸ್ಟಾಫ್ ರೂಮಿನಲ್ಲಿ ಯಾರಾದರೂ ಬಾಯಿತಪ್ಪಿ ನಿಮ್ಮ ಕೆರೆ ಅಂದರೆ ಮುಗಿಯಿತು, ಟಿಫಿನ್ ಡಬ್ಬಿ ಮುಚ್ಚಿಟ್ಟು ಪಾಠ ಶುರು. "ಕೆರೆ ಅನ್ನೋದು ಮನುಷ್ಯ ಕಟ್ಟೋದು. ಇದು ತಾನಾಗೇ ಹುಟ್ಟಿದ್ದು. ಭೂಮಿ ಹುಟ್ಟಿದಾಗ ಹೆಂಗಿತ್ತೋ ಹಂಗೇ ಇದೆ. ಮನುಷ್ಯ ಅದನ್ನ ಮುಟ್ಟೇ ಇಲ್ಲ." ಹೀಗೆ ಹೇಳುವಾಗ ನಮ್ಮೆಲ್ಲರ ಮುಖವನ್ನು ಒಂದು ಸುತ್ತು ನೋಡುವರು, ಆ ಮುಟ್ಟದೇ ಇರುವ ಮನುಷ್ಯರು ನಾವೇ ಮತ್ತು ಮುಟ್ಟದಿರುವುದೇ ಮೇಲು ಅನ್ನುವ ಹಾಗೆ.

ಬಸವನಗುಡಿಯ ಮನೆಯಿಂದ ಸ್ಕೂಲಿಗೆ ನಡೆದೇ ಬರುತ್ತಿದ್ದರು. ದಾರಿಯಲ್ಲಿ ಕೆಂಪಾಂಬುಧಿ ಕೆರೆ ಸಿಗುತ್ತಲೇ ಕರ್ಚೀಫು ಮೂಗಿಗೆ. ವಾಸನೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಲಾಲ್‌ಬಾಗಿನ ಕೆರೆ ಬಗ್ಗೆ ಕೇಳಿದರೆ "ಅದು ದೊಡ್ಡ ಬಚ್ಚಲು" ಅಂತಿದ್ದರು. ಸ್ಟಾಫ್ ರೂಮಿನ ಹೂಜಿಯಿಂದ ನೀರು ಬಗ್ಗಿಸಿಕೊಂಡರೆ ಮೊದಲು ಲೋಟದೊಳಗೆ ಮೂಗಿಟ್ಟು ಮೂಸಿ, ನಿಟ್ಟುಸಿರು ಬಿಟ್ಟು, ಆಮೇಲೆ ಕುಡಿಯುವರು. ಕಾವೇರಿ ನೀರು ಸ್ವಾಮಿ, ಊರಿಗೆ ಊರೇ ಅದಕ್ಕಾಗಿ ಕೊಡ ಹಿಡಿದು ಸಾಲು ನಿಲ್ಲುತ್ತಿದ್ದ ಕಾಲ. ಈ ಮಹಾನುಭಾವರಿಗೆ ಮಾತ್ರ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎದುರಿಗೆ ಕೂತು ದಿನಾ ಇದನ್ನು ನೋಡಬೇಕಾದ ನನ್ನ ಕಷ್ಟ ಯಾರಿಗೂ ಬೇಡ.

ವರ್ಷಕ್ಕೆ ಎರಡು ಸಲ ಹೋಗುವರು, ಬೇಸಿಗೆ ರಜೆಯಲ್ಲೊಮ್ಮೆ, ದಸರಾ ರಜೆಯಲ್ಲೊಮ್ಮೆ. ಕ್ಯಾನ್‌ವಾಸ್ ಚೀಲ, ಥರ್ಮಾಸು, ಅವಲಕ್ಕಿ, ಕ್ಯಾಮೆರಾ. ಕಲಾಸಿಪಾಳ್ಯದಲ್ಲಿ ಬಸ್ಸು ಹತ್ತುವುದನ್ನು ನಮ್ಮ ಡ್ರಿಲ್ ಮೇಷ್ಟ್ರು ಒಮ್ಮೆ ನೋಡಿದ್ದರು. ಯಾವ ಬಸ್ಸು ಅಂತ ತಿಳಿಯಬಾರದೆಂದು ಇವರು ಮೊದಲು ಒಂದು ಬಸ್ಸು ಹತ್ತಿ, ಅವರು ಮರೆಯಾದರು ಅಂದುಕೊಂಡ ಮೇಲೆ ಇಳಿದು ಇನ್ನೊಂದು ಹತ್ತಿದರಂತೆ. ವಾಪಸ್ಸು ಬಂದ ಮೇಲೆ ಒಂದು ವಾರ ಮಾತೇ ಇಲ್ಲ. ತಪಸ್ಸು ಮಾಡಿ ಬಂದವರ ಮುಖ. ಎರಡನೇ ವಾರದಿಂದ ಮಾತು ಶುರುವಾದರೆ ಮುಂದಿನ ರಜೆಯವರೆಗೆ ನಿಲ್ಲುತ್ತಿರಲಿಲ್ಲ.

ಆಮೇಲೆ ಸ್ಲೈಡ್ ಶೋ. ಪ್ರೊಜೆಕ್ಟರನ್ನು ಸ್ವಂತ ದುಡ್ಡಿನಲ್ಲಿ ಕೊಂಡಿದ್ದರು ಅನ್ನುವುದನ್ನು ಹೇಳಲೇಬೇಕು. ಡ್ರಾಯಿಂಗ್ ಹಾಲಿನಲ್ಲಿ ಕಿಟಕಿ ಪರದೆ ಎಳೆದು, ಗೋಡೆಗೆ ಬಿಳಿ ಪಂಚೆ ಕಟ್ಟಿ, ಮಕ್ಕಳನ್ನು ನೆಲದ ಮೇಲೆ ಕೂರಿಸಿ ತೋರಿಸುತ್ತಿದ್ದರು. ಚಿತ್ರಗಳು ಚೆನ್ನಾಗಿದ್ದವು. ಹೊಟ್ಟೆಯುರಿಗೆ ಸುಳ್ಳು ಹೇಳಲಾರೆ. ಎದುರಿಗೆ ಮೂರು ಕಡೆಯೂ ಕುಳ್ಳ ಗುಡ್ಡಗಳು, ಆನೆ ಮಲಗಿದ ಹಾಗೆ ಬಂಡೆಗಳು, ನಡುವೆ ನೀರು. ನೀರಿನ ಅಂಚಿಗೆ ಬಿಳಿ ನೈದಿಲೆ, ಒಣ ಮರದ ಕೊಂಬೆಯ ಮೇಲೆ ರೆಕ್ಕೆ ಹರವಿಕೊಂಡ ನೀರುಕಾಗೆ. ಬೇಸಿಗೆಯ ನೀರು, ಮಳೆಗಾಲದ ನೀರು, ಬೆಳಗಿನ ಮಂಜು ಎದ್ದ ನೀರು. ಚಿತ್ರದ ಮೇಲಂಚಿನಲ್ಲಿ ಯಾವಾಗಲೂ ಒಂದು ಹೊಂಗೆಯ ಕೊಂಬೆ ಇಳಿಬಿದ್ದಿರುತ್ತಿತ್ತು. ಅಂದರೆ ವರ್ಷ ಯಾವುದಾದರೂ ಮೇಷ್ಟ್ರು ನಿಲ್ಲುತ್ತಿದ್ದ ಜಾಗ ಅದೇ, ಆ ಮರದ ಕೆಳಗೆ. ಅದನ್ನು ನಾನೂ ಗಮನಿಸಿದ್ದೆ. ಅದಕ್ಕೊಂದು ಅರ್ಥವಿರಬಹುದು ಅಂತ ಮಾತ್ರ ಹೊಳೆದಿರಲಿಲ್ಲ.

ಪ್ರೀತಿ ಇತ್ತು. ಅದನ್ನು ಇಲ್ಲ ಅನ್ನಲಾರೆ. ಒಂದು ಸಲ ಆ ನೀರುಕಾಗೆಯ ಸ್ಲೈಡು ಬಂದಾಗ ಮುಂದಿನದನ್ನು ಹಾಕುವುದನ್ನೇ ಮರೆತು ನಿಂತುಬಿಟ್ಟರು, ಮಕ್ಕಳೆಲ್ಲ ತಿರುಗಿ ನೋಡುವಂತಾಯಿತು. ಮಕ್ಕಳಿಗೆ ಒಂದು ಏಟು ಹೊಡೆದವರಲ್ಲ, ಟ್ಯೂಷನ್ ಅಂತ ಯಾರ ಮನೆ ಬಾಗಿಲಿಗೂ ಹೋದವರಲ್ಲ. ಒಂಬತ್ತನೇ ಕ್ಲಾಸಿಗೆ ಕೆರೆ ನೀರಾವರಿ ಪಾಠವನ್ನು ಬಣ್ಣದ ಚಾಕಿನಲ್ಲಿ ಬರೆದು ಅವರು ಮಾಡುತ್ತಿದ್ದರೆ ಗೋಡೆಯಾಚೆ ನನ್ನ ಕ್ಲಾಸಿಗೂ ಕೇಳಿಸುತ್ತಿತ್ತು, ನನಗೂ ಬಾಯಿಪಾಠವಾಗಿತ್ತು. ಹರಿಯುವ ನೀರಿಗೆ ಅಡ್ಡಲಾಗಿ ಮಣ್ಣಿನ ಏರಿ. ಏರಿಯ ಬುಡದಲ್ಲಿ ಗದ್ದೆಗೆ ನೀರು ಬಿಡಲು ತೂಬು. ಹೆಚ್ಚಾದ ನೀರು ಏರಿಯನ್ನು ಒಡೆಯದೆ ಹೊರಗೆ ಹೋಗಲು ಪಕ್ಕದಲ್ಲಿ ಕೋಡಿ. ಹೂಳು ತುಂಬದಂತೆ, ಏರಿಯ ಮೇಲೆ ಮರ ಬೇರು ಬಿಡದಂತೆ, ಕೋಡಿ ಕಟ್ಟಿಕೊಳ್ಳದಂತೆ ವರ್ಷವರ್ಷವೂ ಊರವರು ನೋಡಿಕೊಳ್ಳಬೇಕು. ಇದನ್ನು ಇಷ್ಟು ಚೆನ್ನಾಗಿ ಹೇಳುತ್ತಿದ್ದ ಮನುಷ್ಯ ಅವರೇ, ಇದನ್ನು ನೀವು ದಯವಿಟ್ಟು ನೆನಪಿಡಿ.

ಎರಡು ಸಾವಿರ ಇಸವಿ ಕಳೆದ ಹೊಸತರಲ್ಲಿ ಒಂದು ಬೇಸಿಗೆ ರಜೆ ಮುಗಿಸಿ ಮೇಷ್ಟ್ರು ಕೆಂಡವಾಗಿ ಬಂದರು. "ಜನ ಬಂದ್ಬಿಟ್ಟಿದಾರೆ ಕಣ್ರೀ! ಯಾವ್ದೋ ಹಳ್ಳಿಯೋರು. ಗುದ್ದಲಿ ಪಿಕಾಸಿ ತಗೊಂಡು ನೀರಿಗೇ ಇಳಿದು ಅಗೀತಿದಾರೆ. ನನ್ನ ಹೊಂಗೆ ಕೊಂಬೆ ಕಡೀತಿದಾರೆ. ಮೂವತ್ತು ವರ್ಷದಿಂದ ಒಂದು ನರಪಿಳ್ಳೆ ಕಂಡಿರ್ಲಿಲ್ಲ ನಾನು!" ಮೂವತ್ತು ವರ್ಷದಲ್ಲಿ ಇವರು ಅಲ್ಲಿದ್ದದ್ದು ಒಟ್ಟು ಎಷ್ಟು ದಿನ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ, ಮಜಾ ಬರುತ್ತಿತ್ತು.

ಸರ್ಕಾರಕ್ಕೆ ಅರ್ಜಿ ಕೊಡಬೇಕು ಅಂತ ಹೊರಟರು. ಅವರ ಕನ್ನಡ ಭೂಗೋಳದ ಕನ್ನಡ, ನದಿಗಳು ಉಗಮಿಸುತ್ತವೆ, ಬೆಳೆಗಳು ಬೆಳೆಯಲ್ಪಡುತ್ತವೆ. ಹಾಳೆಯನ್ನು ನನ್ನ ಮುಂದಿಟ್ಟು, "ಸ್ವಲ್ಪ ತಿದ್ದಿಕೊಡಿ ಮೇಡಂ" ಅಂದರು. ತಿದ್ದಿದ್ದಲ್ಲ, ಪೂರ್ತಿ ನಾನೇ ಬರೆದೆ. ಆ ಸರೋವರವನ್ನು ನಾನು ಕಂಡಿರಲಿಲ್ಲ, ಅವರ ಮಾತಿನ ಮೇಲೆ ನನಗೆ ನಂಬಿಕೆಯೂ ಇರಲಿಲ್ಲ. ಆದರೆ ನನ್ನ ಬರವಣಿಗೆಯ ಮೇಲೆ ಇತ್ತು. "ಮನುಷ್ಯನ ಕೈ ಸೋಕದ ಈ ನೀರನ್ನು ಮನುಷ್ಯನಿಂದಲೇ ಕಾಪಾಡಬೇಕಾಗಿದೆ" ಅನ್ನುವ ವಾಕ್ಯ ನನ್ನದು. ಬರೆದಾದ ಮೇಲೆ ಎರಡು ಸಲ ಓದಿಕೊಂಡು ಖುಷಿಪಟ್ಟೆ.

ಅರ್ಜಿಗೆ ಮಕ್ಕಳ ಸಹಿ ಬೇಕಲ್ಲ. ನಮ್ಮ ಸ್ಕೂಲಿನಲ್ಲಿ ಏನೇ ಸುತ್ತೋಲೆ ಇದ್ದರೂ ಮೆಮೋ ಬುಕ್ಕಿನಲ್ಲಿಟ್ಟು ಅಟೆಂಡರ್ ಕ್ಲಾಸಿನಿಂದ ಕ್ಲಾಸಿಗೆ ಒಯ್ಯುವುದು ಪದ್ಧತಿ. ಆಗ ಅಟೆಂಡರ್ ಆಗಿದ್ದವಳು ಕೆಂಪಮ್ಮ. ಗಂಡ ನಮ್ಮಲ್ಲೇ ಅಟೆಂಡರ್ ಆಗಿದ್ದ, ಅವನು ಹೋದ ಮೇಲೆ ಆ ಕೆಲಸ ಇವಳಿಗೆ ಬಂದು ಎರಡು ತಿಂಗಳಾಗಿತ್ತು. ಕಡ್ಡಿಯಂಥ ಹೆಂಗಸು, ಮಾತು ಕಡಿಮೆ. ನಾಲ್ಕು ದಿನ ಅವಳು ಒಂದೊಂದೇ ಕ್ಲಾಸಿನ ಬಾಗಿಲಲ್ಲಿ ನಿಂತು, ಆ ಅರ್ಜಿಯನ್ನು ಒಳಗೆ ಕೊಟ್ಟು, ಸಹಿ ಮುಗಿಯುವವರೆಗೆ ಕಾದು, ಮುಂದಿನ ಕ್ಲಾಸಿಗೆ ಒಯ್ದಳು. ಅರ್ಜಿಯಲ್ಲಿ ನೀರವ ಸರೋವರ ಅಂತಷ್ಟೇ ಇತ್ತು, ಜಾಗದ ನಕ್ಷೆಯನ್ನು ಮೇಷ್ಟ್ರು ಬೇರೆ ಲಕೋಟೆಯಲ್ಲಿ ಅಂಟಿಸಿ ತಾವೇ ಇಲಾಖೆಗೆ ಕೊಟ್ಟರು. ಅವಳಿಗೆ ಗೊತ್ತಾಗುವುದಾದರೂ ಹೇಗೆ.

ಅರ್ಜಿ ಗೆದ್ದಿತು. ಸರ್ಕಾರಕ್ಕೆ ಬೇರೆ ಏನು ಕೊಟ್ಟರೂ ವರ್ಷಗಟ್ಟಲೆ ಕೊಳೆಯುತ್ತದೆ, ಇದು ಮಾತ್ರ ಎಂಟು ತಿಂಗಳಲ್ಲಿ ಪಾಸಾಯಿತು. ಮಕ್ಕಳ ಸಹಿ ನೋಡಿ ಯಾರೋ ದೊಡ್ಡ ಅಧಿಕಾರಿಗೆ ಕಣ್ಣು ಒದ್ದೆಯಾಯಿತಂತೆ. ಸರೋವರದ ಸುತ್ತ ಮುಳ್ಳುತಂತಿ, ಕಂದಕ, ಒಂದು ಬೋರ್ಡು. ಒಳಗೆ ಯಾರೂ ಕಾಲಿಡಬಾರದು, ಒಂದು ಕಡ್ಡಿ ಮುರಿಯಬಾರದು, ಒಂದು ಬುಟ್ಟಿ ಮಣ್ಣು ತೆಗೆಯಬಾರದು. ಮೇಷ್ಟ್ರು ಸ್ಟಾಫ್ ರೂಮಿಗೆಲ್ಲ ಮೈಸೂರ್‌ಪಾಕು ಹಂಚಿದರು. ವಿಜಯೋತ್ಸವಕ್ಕೆ ಒಂದು ಸ್ಲೈಡ್ ಶೋ ಕೂಡ ಆಯಿತು.

ಆ ಶೋ ನಡುವೆ ಕೆಂಪಮ್ಮ ನಮಗೆಲ್ಲ ಕಾಫಿ ತಂದಳು. ತಟ್ಟೆ ಹಿಡಿದುಕೊಂಡೇ ಗೋಡೆ ಪಕ್ಕ ನಿಂತುಬಿಟ್ಟಳು. ಒಂದು ಸ್ಲೈಡು ಹೋಯಿತು, ಇನ್ನೊಂದು ಬಂತು. ನನ್ನ ಕಿವಿಯ ಹತ್ತಿರ ಬಗ್ಗಿ, "ಮೇಡಮ್ಮಾರೆ, ಇದು ನಮ್ಮೂರ ಹೊಸಕೆರೆ ಅಲ್ವಾ?" ಅಂದಳು.

"ನಿಮ್ಮೂರ ಯಾವ ಕೆರೆ?"

"ನಮ್ಮಪ್ಪನ ಮನೆ ಊರ್ದು. ಆ ಗುಡ್ಡ, ಆ ಬಂಡೆ. ಆ ಹೊಂಗೆ ಮರದ ಬುಡದಾಗೇ ತೂಬೈತೆ. ನಮ್ಮಜ್ಜ ಅಲ್ಲಿ ನೀರುಗಂಟಿ, ಆಮೇಲೆ ನಮ್ಮಪ್ಪ, ಈಗ ನಮ್ಮಣ್ಣ. ಕೆರೆ ಕಾಯೋದು, ತೂಬು ಎತ್ತಿ ಗದ್ದೆಗೋಳಿಗೆ ನೀರು ಬಿಡೋದು ನಮ್ಮ ಮನೇರ ಕೆಲಸ." ಆಮೇಲೆ, "ಈಗ ಬೇಲಿ ಹಾಕವ್ರೆ. ಬೆಂಗ್ಳೂರ್ ಇಸ್ಕೂಲ್ ಮಕ್ಳು ರುಜು ಮಾಡಿದ್ರಂತೆ, ಅದ್ಕೇ ಅಂತೆ" ಅಂದಳು.

ಅಷ್ಟು ಹೇಳಿದವಳು ಪಂಚೆಯ ಮೇಲಿನ ಚಿತ್ರ ಬಿಟ್ಟು ನೆಲದ ಮೇಲೆ ಕೂತ ಮಕ್ಕಳನ್ನು ನೋಡಿದಳು. ಯಾವ ಮಕ್ಕಳು, ಯಾವ ಸಹಿ, ಅದನ್ನು ಯಾರು ಹೊತ್ತು ತಿರುಗಿದ್ದು, ಎಲ್ಲ ಅವಳಿಗೆ ಆ ಗಳಿಗೆಯಲ್ಲೇ ತಿಳಿಯಿತು. ನನಗೂ ತಿಳಿಯಿತು.

ಮಾರನೆಯ ದಿನ ನಾನು ಮೇಷ್ಟ್ರಿಗೆ ಹೇಳಿದೆ. ನಿಜ ಹೇಳುತ್ತೇನೆ, ಮರುಕದಿಂದ ಹೇಳಲಿಲ್ಲ, ಸಂಭ್ರಮದಿಂದ ಹೇಳಿದೆ. ಈ ಮನುಷ್ಯನ ಜಂಬ ಇಳಿಯುವುದನ್ನು ನೋಡಲು ಇಷ್ಟು ವರ್ಷ ಕಾದಿದ್ದೆ. ಅವರು ಚಪಾತಿ ಮುರಿಯುತ್ತಾ, "ಅವಳಿಗೇನ್ರೀ ಗೊತ್ತು? ಎಲ್ಲ ನೀರೂ ಒಂದೇ ಥರ ಕಾಣುತ್ತೆ ಅವರಿಗೆ" ಅಂದು ಪಲ್ಯ ಸವರಿಕೊಂಡರು.

ಅವರಿಗೆ. ಆ ಮಾತು ನನಗೆ ಮೈಯುರಿಸಿತು. ಮುಂದಿನ ಭಾನುವಾರವೇ ಕೆಂಪಮ್ಮನ ಜೊತೆ ಹೊರಟೆ. ಕನಕಪುರಕ್ಕೊಂದು ಬಸ್ಸು, ಅಲ್ಲಿಂದ ಇನ್ನೊಂದು, ಆಮೇಲೆ ನಡಿಗೆ. ಮೇಷ್ಟ್ರ ಎರಡೂವರೆ ಗಂಟೆಯ ದಾರಿ ಕಾಡೊಳಗಿನಿಂದ ಸುತ್ತಿಕೊಂಡು ಹೋಗುತ್ತಿತ್ತು. ಕೆಂಪಮ್ಮನ ಊರ ಕಡೆಯಿಂದ ಕೆರೆಗೆ ಇಪ್ಪತ್ತು ನಿಮಿಷ. ಮೂವತ್ತು ಮನೆಗಳ ಹಳ್ಳಿ ಅದು, ಹುಣಸೆಮರಗಳ ಮರೆಯಲ್ಲಿ. ಅವಳ ಅಣ್ಣನ ಮನೆ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಮೊಳೆಗೆ ತೂಗುಹಾಕಿದ್ದ ಉದ್ದನೆಯ ಕಬ್ಬಿಣದ ಕೊಕ್ಕೆ. ತೂಬಿನ ಗೂಟ ಎತ್ತುವ ಕೊಕ್ಕೆಯಂತೆ. ಬೇಲಿ ಬಂದ ಮೇಲೆ ಅದು ಗೋಡೆ ಬಿಟ್ಟು ಇಳಿದಿರಲಿಲ್ಲ.

ಗದ್ದೆಗಳ ಬದುವಿನ ಮೇಲೆ ನಡೆದು ಹೋದೆವು. ಎದುರಿಗೆ ಗಿಡಗಂಟಿ ಬೆಳೆದ ದಿಬ್ಬ, ಅದರ ಮೇಲೆ ಹೊಂಗೆ ಮರಗಳ ಸಾಲು. ಆ ದಿಬ್ಬವೇ ಏರಿ. ಕೆಳಗಿನಿಂದ ನೋಡಿದರೆ ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ. ಕಲ್ಲು ಹೊದಿಸಿದ ಇಳಿಜಾರು, ಬುಡದಲ್ಲಿ ಕಾಲುವೆ ಬಾಯಿ, ಪಕ್ಕದಲ್ಲಿ ಚಪ್ಪಡಿ ಹಾಸಿದ ಕೋಡಿ. ಬೇಲಿಯ ಒಂದು ಸಂದಿಯಲ್ಲಿ ಅವಳ ಅಣ್ಣ ತಂತಿ ಎತ್ತಿ ಹಿಡಿದ, ಸೀರೆ ಸಿಕ್ಕಿಸಿಕೊಳ್ಳದೆ ನುಸುಳಿ ಮೇಲೆ ಹತ್ತಿದೆ. ಹೊಂಗೆಯ ಕೊಂಬೆ ತಲೆಗೆ ತಗುಲಿತು. ಎದುರಿಗೆ ಅದೇ ಚಿತ್ರ! ಮೂರು ಗುಡ್ಡ, ಬಂಡೆಗಳು, ನೈದಿಲೆ. ನೀರು ಅಷ್ಟು ತಿಳಿಯಾಗಿತ್ತೆಂದರೆ ಗುಡ್ಡ ಯಾವುದು ನೆರಳು ಯಾವುದು ಅಂತ ಒಂದು ಕ್ಷಣ ತಿಳಿಯಲಿಲ್ಲ. ಗುಳುಮುಳುಕ ಹಕ್ಕಿಯೊಂದು ಮುಳುಗಿ ನಾನು ಎಣಿಸಿದ್ದಕ್ಕಿಂತ ದೂರದಲ್ಲಿ ಎದ್ದಿತು. ಎಂಥ ಜಾಗ, ಸುಮ್ಮನೆ ಹೇಳುವುದಲ್ಲ.

ಮೇಷ್ಟ್ರು ಮೂವತ್ತು ವರ್ಷ ನಿಂತದ್ದು ಇದೇ ಜಾಗದಲ್ಲಿ. ಏರಿಯ ಮೇಲೆ, ತೂಬಿನ ಕಲ್ಲಿಗೆ ಒರಗಿಕೊಂಡು. ಮಕ್ಕಳಿಗೆ ಬಣ್ಣದ ಚಾಕಿನಲ್ಲಿ ಬರೆದು ತೋರಿಸಿದ್ದೆಲ್ಲ ಅವರ ಕಾಲ ಕೆಳಗೇ ಇತ್ತು. ಒಂದೇ ಒಂದು ಸಲ ಬೆನ್ನು ತಿರುಗಿಸಿದ್ದರೆ ಗದ್ದೆ ಕಾಣುತ್ತಿತ್ತು, ಊರು ಕಾಣುತ್ತಿತ್ತು, ಒಲೆಯ ಹೊಗೆ ಕಾಣುತ್ತಿತ್ತು. ಕೊರಳಲ್ಲಿ ದುರ್ಬೀನು ಬೇರೆ! ಥೂ, ಅಂತ ನಾನು ಬಾಯಿಬಿಟ್ಟೇ ಅಂದೆ.

ಕೆಂಪಮ್ಮನ ಅಣ್ಣನಿಗೆ ನನ್ನ ಸಿಟ್ಟಿನಲ್ಲಿ ಆಸಕ್ತಿ ಇರಲಿಲ್ಲ. ಅವನು ಕೋಡಿಯ ಕಡೆ ಕರೆದುಕೊಂಡು ಹೋದ. ಲಂಟಾನ ಬೆಳೆದು, ಮಣ್ಣು ಕುಸಿದು ಕೋಡಿಯ ಬಾಯಿ ಮುಚ್ಚಿಹೋಗಿತ್ತು. ಏರಿಯ ಮೇಲೆ ಹೊಂಗೆ ಬೇರುಗಳು ಕಲ್ಲು ಸರಿಸಿಕೊಂಡು ಹೊರಗೆ ಬಂದಿದ್ದವು. "ವರ್ಷಾ ವರ್ಷಾ ನಾವೇ ಸವರ್ತಿದ್ವಿ, ಮಣ್ಣು ತೆಗೀತಿದ್ವಿ. ಬೇಲಿ ಬಂದ್ಮೇಲೆ ಕೋಡಿ ಬಿಡಿಸಕ್ ಹೋದ್ರೆ ಕೇಸು ಹಾಕವ್ರೆ ನನ್ ಮ್ಯಾಲೆ" ಅಂದ. "ಈ ಸಲ ಕೆರೆ ತುಂಬಿದ್ರೆ ನೀರು ಆಚೆ ಹೋಗಕ್ಕೆ ದಾರಿ ಇಲ್ಲ ತಾಯಿ. ಏರಿ ನಿಲ್ಲಾಕಿಲ್ಲ." ಬೇಲಿ ಕಾಯುವ ಅಧಿಕಾರಿ ಕೆಟ್ಟವನೇನಲ್ಲವಂತೆ. ಅರ್ಜಿ ಕೊಟ್ಟವರೇ ಇದು ಕಟ್ಟಿದ ಕೆರೆ ಅಂತ ಎರಡು ಸಾಲು ಬರೆದು ಸಹಿ ಹಾಕಿ ಕೊಟ್ಟರೆ ಸಾಕು, ಕೋಡಿ ಬಿಡಿಸಲು ತಾನು ಅಡ್ಡ ಬರುವುದಿಲ್ಲ ಅಂದಿದ್ದನಂತೆ. ಮಳೆಗಾಲಕ್ಕೆ ಮೊದಲು ಆ ಸಹಿ ಬೇಕಿತ್ತು. ಅಷ್ಟೇ ಬೇಕಿತ್ತು.

ಎರಡು ಸಾಲನ್ನು ನಾನೇ ಬರೆದೆ. ಈ ಸಲ ಅಲಂಕಾರ ಏನೂ ಇಲ್ಲ. ಕೆಂಪಮ್ಮನನ್ನು ಕರೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ನನಗೆ ಕುರ್ಚಿ ಹಾಕಿದರು. ಕೆಂಪಮ್ಮ ಬಾಗಿಲ ಹತ್ತಿರ ನಿಂತಳು, ಅವಳನ್ನು ಕೂರು ಅನ್ನಲಿಲ್ಲ. ನಾನೂ ಅನ್ನಲಿಲ್ಲ, ಅದು ಅವರ ಮನೆ ಅಂದುಕೊಂಡೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಕಾಗದ ಓದಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದರು. ಸಹಿ ಹಾಕುತ್ತಾರೆ ಅಂದುಕೊಂಡೆ. ಅವರು ಕೆರೆ ಅಂತಿದ್ದ ಕಡೆ ಹೊಡೆದುಹಾಕಿ ಸರೋವರ ಅಂತ ತಿದ್ದಿ ಕಾಗದವನ್ನು ನನಗೆ ವಾಪಸ್ಸು ಕೊಟ್ಟರು.

"ಸಾರ್, ಏರಿ ಮೇಲೆ ನಿಂತು ಬಂದಿದೀನಿ ನಾನು" ಅಂದೆ. "ನಿಮ್ಮ ಹೊಂಗೆ ಮರದ ಬುಡದಲ್ಲೇ ತೂಬಿನ ಕಲ್ಲಿದೆ."

ಅವರು ಕನ್ನಡಕ ತೆಗೆದರು. ಕಿಟಕಿಯಾಚೆ ನೋಡುತ್ತಾ, "ಕಲ್ಲು ನೋಡಿದೀನಿ" ಅಂದರು. ಈ ಮನುಷ್ಯನಿಗೆ ಗೊತ್ತಿತ್ತು! ಎಷ್ಟು ವರ್ಷದಿಂದ ಗೊತ್ತಿತ್ತೋ ದೇವರೇ ಬಲ್ಲ. ಇಷ್ಟು ದಿನ ಅವರನ್ನು ಪೆದ್ದ ಅಂದುಕೊಂಡಿದ್ದೆ. ಪೆದ್ದರಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಬಾಗಿಲಿನಿಂದ ಕೆಂಪಮ್ಮ, "ಸಾರ್, ಮಳೆ ಹಿಡಕೊಂಡ್ರೆ ನಮ್ಮಣ್ಣನ ಗದ್ದೆ ಉಳಿಯಲ್ಲ ಸಾರ್. ಒಂದು ರುಜು" ಅಂದಳು. ಅವಳು ಅವರ ಜೊತೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ಮೇಷ್ಟ್ರು ನನಗೇ ಉತ್ತರ ಕೊಟ್ಟರು. "ಅಕ್ಟೋಬರ್‌ನಲ್ಲಿ ನನ್ನ ರಿಟೈರ್‌ಮೆಂಟ್ ಇದೆಯಲ್ಲ ಮೇಡಂ. ಸನ್ಮಾನ ಇಟ್ಕೊಂಡಿದಾರೆ. ಬಿರುದು ಕೊಡ್ತಾರಂತೆ. ಅದೊಂದು ಆಗ್ಲಿ, ಆಮೇಲೆ ನೋಡೋಣ. ಈಗ ಕೊಟ್ರೆ ಮಕ್ಕಳ ಮುಂದೆ ನನ್ನ ಮುಖ ಎಲ್ಲಿಟ್ಕೊಳ್ಲಿ?" ಒಳಗಿನಿಂದ ಅವರ ಹೆಂಡತಿ ಕಾಫಿ ತಂದರು. ಒಂದೇ ಲೋಟ. ಕುಡಿದೆ. ಒಳ್ಳೆಯ ಕಾಫಿ.

ಆಗಸ್ಟಿನಲ್ಲಿ ಮಳೆ ಸುಮಾರಾಗಿ ಬಂತು, ಸೆಪ್ಟೆಂಬರಿನಲ್ಲಿ ಜೋರಾಯಿತು. ಕೆಂಪಮ್ಮ ಮೆಮೋ ಬುಕ್ಕು ತಂದಾಗಲೆಲ್ಲ ನನ್ನ ಮುಖ ನೋಡುವಳು. ನಾನು ಮೇಷ್ಟ್ರ ಮುಖ ನೋಡುವೆ. ಮೇಷ್ಟ್ರು ಬಿರುದಿನ ಕಾಗದದಲ್ಲಿ ಸರೋವರ ಸೇವಾಧುರೀಣ ಅಂತ ಇರಬೇಕೋ ಸರೋವರ ಸೇವಾರತ್ನ ಅಂತ ಇರಬೇಕೋ ಅಂತ ನನ್ನನ್ನೇ ಕೇಳುವರು. ಧುರೀಣ ಚೆನ್ನಾಗಿದೆ ಅಂತ ಹೇಳಿದ್ದೂ ನಾನೇ. ಹೀಗೆ ದಿನ ಕಳೆಯಿತು. ಹೆಡ್‌ಮಿಸ್ಟ್ರೆಸ್ ಹತ್ತಿರ ಹೋಗಿ ಎಲ್ಲ ಹೇಳಬಹುದಿತ್ತು, ಪತ್ರಿಕೆಗೆ ಬರೆಯಬಹುದಿತ್ತು. ಬರವಣಿಗೆ ಬರುತ್ತಿತ್ತಲ್ಲ ನನಗೆ. ಆದರೆ ಅರ್ಜಿ ಬರೆದವಳು ನಾನೇ ಅಂತ ಎಲ್ಲರಿಗೂ ಗೊತ್ತಿತ್ತು.

ಸನ್ಮಾನ ಶನಿವಾರ ಮಧ್ಯಾಹ್ನ. ಅದರ ಹಿಂದಿನ ಎರಡು ದಿನ ಕೆಂಪಮ್ಮ ರಜೆ ಹಾಕಿದ್ದಳು. ಶನಿವಾರ ಬೆಳಿಗ್ಗೆ ಬಂದು ಹಾಲಿನಲ್ಲಿ ಕುರ್ಚಿ ಹಾಕುತ್ತಿದ್ದಳು. ಸೀರೆಯ ಅಂಚಿಗೆ ಕೆಸರು ಒಣಗಿತ್ತು. ಏನಾಯ್ತೆ ಅಂದೆ.

"ಗುರುವಾರ ಏರಿ ಒಡ್ದೋಯ್ತು ಮೇಡಮ್ಮಾರೆ. ಹೊಂಗೆ ಬೇರು ಇತ್ತಲ್ಲ, ಅಲ್ಲೇ ಬಾಯಿ ಬಿಡ್ತು. ನಮ್ಮಣ್ಣನ ಗದ್ದೆ ಮ್ಯಾಲೆ ಎದೆಮಟ್ಟ ಮರಳು ನಿಂತೈತೆ. ಇನ್ನು ಅಲ್ಲಿ ಏನೂ ಬೆಳಿಯಲ್ಲ." ಕುರ್ಚಿಯನ್ನು ಸಾಲಿಗೆ ಸರಿಯಾಗಿ ತಳ್ಳಿ, "ಕೆರೆ ತಳ ಕಾಣ್ತೈತೆ. ಮೀನು ಸತ್ತು ಬಿದ್ದವೆ" ಅಂದಳು. ಅಳಲಿಲ್ಲ.

ಸ್ಟಾಫ್ ರೂಮಿನಲ್ಲಿ ಮೇಷ್ಟ್ರ ತಲೆಗೆ ಯಾರೋ ಮೈಸೂರು ಪೇಟ ಇಟ್ಟು ಅಳತೆ ನೋಡುತ್ತಿದ್ದರು. ನಾನು ಹೋಗಿ ಒಂದೇ ಉಸಿರಿಗೆ ಹೇಳಿದೆ. ಪೇಟದ ಕೆಳಗೆ ಅವರ ಮುಖ ಬೂದಿ ಬಣ್ಣವಾಯಿತು. ಆ ಮನುಷ್ಯ ಅಲ್ಲೇ ಕುಸಿದು ಕೂತಿದ್ದರೆ, ಒಂದು ಹನಿ ಕಣ್ಣೀರು ಹಾಕಿದ್ದರೆ, ನಾನು ಇವತ್ತು ಹೀಗೆ ಬರೆಯುತ್ತಿರಲಿಲ್ಲ. ಅವರು ಪೇಟ ಸರಿಮಾಡಿಕೊಂಡು, "ಇವತ್ತೊಂದು ದಿನ ಬೇಡ ಮೇಡಂ" ಅಂದರು.

ಸಭೆ ಭರ್ಜರಿಯಾಯಿತು. ಇಲಾಖೆಯ ದೊಡ್ಡವರು, ಆಡಳಿತ ಮಂಡಳಿಯವರು, ಹಳೆಯ ವಿದ್ಯಾರ್ಥಿಗಳು. ಹಾರ, ಶಾಲು, ಹಣ್ಣಿನ ಬುಟ್ಟಿ, ಬಿರುದು. ಕೊನೆಗೆ ಎಲ್ಲರೂ ಕೇಳಿಕೊಂಡರು ಅಂತ ಸ್ಲೈಡ್ ಶೋ. ಕೆಂಪಮ್ಮ ಬಾಗಿಲ ಪಕ್ಕದ ಸ್ವಿಚ್ ಬೋರ್ಡಿನ ಹತ್ತಿರ ನಿಂತಿದ್ದಳು, ಅದು ಅವಳ ಡ್ಯೂಟಿ. ಹಾಲು ಕತ್ತಲಾಯಿತು. ಕಟಕ್, ಕಟಕ್ ಅಂತ ಒಂದೊಂದೇ ಚಿತ್ರ. ಮೇಷ್ಟ್ರ ಧ್ವನಿ ಯಾವತ್ತಿಗಿಂತ ಚೆನ್ನಾಗಿತ್ತು. ಬೆಳಗಿನ ಮಂಜಿನ ಚಿತ್ರ ಬಂದಾಗ ನಿಲ್ಲಿಸಿದರು. "ಮಕ್ಕಳೇ, ನಾವಿಲ್ಲಿ ಕೂತಿರೋ ಈ ಕ್ಷಣದಲ್ಲೂ ಆ ನೀರು ಅಲ್ಲಿ ಹೀಗೇ ನಿಂತಿದೆ. ನಾನು ಹೋದ ಮೇಲೂ ನಿಂತಿರುತ್ತೆ."

ಟ್ಯೂಬ್‌ಲೈಟುಗಳು ಮಿಣುಕಿ ಹತ್ತಿಕೊಂಡವು. ಪಂಚೆಯ ಮೇಲಿನ ಗುಡ್ಡ, ಮಂಜು, ನೀರು ಎಲ್ಲ ಮಾಯವಾಗಿ ಬರೀ ಬಿಳಿ ಬಟ್ಟೆ ಉಳಿಯಿತು. ಕೆಂಪಮ್ಮನ ಕೈ ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

"ಇಲ್ಲ ಸಾರ್" ಅಂದಳು. "ಗುರುವಾರ ಒಡ್ದೋಯ್ತು. ನೀರಿಲ್ಲ ಅಲ್ಲಿ."

ಮಕ್ಕಳು ಅವಳನ್ನು ನೋಡಿದರು, ಇಲಾಖೆಯ ದೊಡ್ಡವರು ಹೆಡ್‌ಮಿಸ್ಟ್ರೆಸ್ ಮುಖ ನೋಡಿದರು. ಮೇಷ್ಟ್ರು ಕೆಂಪಮ್ಮನ ಕಡೆ ತಿರುಗಲಿಲ್ಲ. ಮುಂದಿನ ಸಾಲಿನ ತುದಿಯಲ್ಲಿ, ಬಾಗಿಲಿಗೆ ಹತ್ತಿರ ಕೂತಿದ್ದ ನನ್ನನ್ನು ನೋಡಿದರು. ಬಹಳ ಮೆತ್ತಗೆ, "ಮೇಡಂ, ಲೈಟು" ಅಂದರು.

ನಾನು ಎದ್ದೆ. ಕೆಂಪಮ್ಮ ನನ್ನನ್ನು ಕಂಡು ಒಂದು ಹೆಜ್ಜೆ ಸರಿದು ಜಾಗ ಬಿಟ್ಟಳು. ಅವಳ ಪಕ್ಕ ನಿಲ್ಲಲು ಬರುತ್ತಿದ್ದೇನೆ ಅಂದುಕೊಂಡಳು, ಅವಳ ಮುಖದಲ್ಲಿ ಅದು ಕಾಣುತ್ತಿತ್ತು. ನಾನು ಲೈಟು ಆರಿಸಿದೆ.

ಇನ್ನೂ ಹನ್ನೊಂದು ಸ್ಲೈಡುಗಳಿದ್ದವು. ಎಲ್ಲವನ್ನೂ ನೋಡಿ ಚಪ್ಪಾಳೆ ತಟ್ಟಿದೆವು.